ಮಾತು ನಿಧಾನವಾದಾಗ ಅವಸರ ಬೇಡ



ಮೈ ಸುಡುತ್ತಿದ್ದರೆ ಥರ್ಮಾಮೀಟರ್ ಇಟ್ಟು ನೋಡುತ್ತೇವೆ. ಬಿ.ಪಿ. ತಿಳಿಯಲು ತೋಳಿಗೆ ಪಟ್ಟಿ ಕಟ್ಟುತ್ತೇವೆ. ಮನಸ್ಸಿನ ನೋವನ್ನು ಅಳೆಯಲು ಅಂಥ ಸಾಧನವಿಲ್ಲ. ಅಲ್ಲಿ ನಮಗೆ ಮುಖ್ಯವಾಗಿ ಸಿಗುವುದು ರೋಗಿಯ ಮಾತು. ಆದ್ದರಿಂದ ಮಾತಿನ ಚಿಕಿತ್ಸೆ ನೀಡುವವರು ರೋಗಿ ಏನು ಹೇಳಿದರು ಎಂಬುದರ ಜೊತೆಗೆ, ಎಷ್ಟು ವೇಗವಾಗಿ ಹೇಳಿದರು, ಎಲ್ಲಿ ತಡೆದು ನಿಂತರು ಎಂಬುದನ್ನೂ ಗಮನಿಸುತ್ತಾರೆ. ಈ ವಿಷಯ ನಿಮಗೂ ತಿಳಿದಿರಲಿ ಎಂದು ಈ ಪಾಠ.

ನಾನು ತಪ್ಪಿ ಕಲಿತದ್ದು

ಡಿಪ್ಲೊಮಾ ಮುಗಿಸಿ ಬೇರೊಂದು ಕಡೆ ಕೆಲಸಕ್ಕೆ ಸೇರಿದ ಹೊಸತು. ಹೊಟ್ಟೆನೋವು, ನಿಶ್ಶಕ್ತಿ ಎಂದು ಒಬ್ಬ ತಾಯಿ ದಾಖಲಾಗಿದ್ದರು. "ನಿದ್ದೆ ಬರುತ್ತದೆಯೇ?" ಎಂದು ಕೇಳಿದೆ. ಆಕೆ ಬಾಯಿ ತೆರೆಯುವ ಮೊದಲೇ ಪತಿ, "ಬರ್ತೈತ್ರಿ ಸಿಸ್ಟರ್, ಚೊಲೊ ಮಲಗ್ತಾಳ" ಎಂದರು. ನಾನು ಅದನ್ನೇ ಬರೆದುಕೊಂಡೆ. ಎರಡು ದಿನ ಹೀಗೆಯೇ ಆಯಿತು. ಆಕೆ ಮಾತಿನಲ್ಲಿ ಮಂದ ಎಂದು ನಾನೂ ತಿಳಿದಿದ್ದೆ.

ಮೂರನೆಯ ದಿನ ನಮ್ಮ ಹಿರಿಯ ಸಿಸ್ಟರ್ ಮನೆಯವರನ್ನು ಚಹಾ ಕುಡಿದು ಬರಲು ಕಳಿಸಿದರು. ಸ್ಟೂಲ್ ಎಳೆದು ಕುಳಿತು ಅದೇ ಪ್ರಶ್ನೆ ಕೇಳಿ ಸುಮ್ಮನಾದರು. ಬಹಳ ಹೊತ್ತಿನ ನಂತರ ಆ ತಾಯಿ, "ನಿದ್ದಿ ಇಲ್ರಿ ಅಕ್ಕಾರ... ಬದುಕೂದ ಸಾಕಾಗೇತ್ರಿ" ಎಂದರು. ಅಂದೇ ಮನೋವೈದ್ಯರು ಬಂದು ನೋಡಿ ಚಿಕಿತ್ಸೆ ಆರಂಭಿಸಿದರು. ಆ ಮಾತು ಎರಡು ದಿನದಿಂದ ಆಕೆಯ ಗಂಟಲಲ್ಲೇ ಇತ್ತು. ನಾನು ಅದಕ್ಕೆ ಅರ್ಧ ನಿಮಿಷವನ್ನೂ ಕೊಟ್ಟಿರಲಿಲ್ಲ.

ಮಾತು ಏಕೆ ನಿಧಾನವಾಗುತ್ತದೆ?

ಎಲ್ಲ ಊರಿಗೂ ನಿಲ್ಲುವ ಬಸ್ಸನ್ನು ನೆನಪಿಸಿಕೊಳ್ಳಿ. ರಸ್ತೆಯ ಮೇಲೆ ಅದು ಎಕ್ಸ್‌ಪ್ರೆಸ್ ಬಸ್ಸಿನಷ್ಟೇ ಜೋರಾಗಿ ಓಡಬಹುದು. ತಡವಾಗುವುದು ನಿಲ್ದಾಣಗಳಲ್ಲಿ. ನಮ್ಮ ಮಾತೂ ಹಾಗೆಯೇ. ನಾಲಿಗೆಯ ಓಟ ಅಷ್ಟೇನೂ ಬದಲಾಗುವುದಿಲ್ಲ. ನಡುನಡುವಿನ ಮೌನ ಹೆಚ್ಚು ಕಡಿಮೆಯಾಗುತ್ತದೆ. ಇಂಗ್ಲೆಂಡಿನಲ್ಲಿ ಫ್ರೀಡಾ ಗೋಲ್ಡ್‌ಮನ್-ಐಸ್ಲರ್ ಎಂಬ ಸಂಶೋಧಕಿ ಇದನ್ನು ಅಳೆದು ನೋಡಿ, 1968ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ವ್ಯಂಗ್ಯಚಿತ್ರಗಳನ್ನು ತೋರಿಸಿ, ಅದರಲ್ಲಿ ಏನಿದೆ ಎಂದು ಹೇಳಿಸಿದಾಗ ಜನರ ಮಾತಿನಲ್ಲಿ ಮೌನ ಕಡಿಮೆ ಇತ್ತು. ಅದರ ಅರ್ಥವೇನು ಎಂದು ಕೇಳಿದಾಗ ಮೌನ ಹೆಚ್ಚಾಯಿತು. ಅದನ್ನೇ ಮತ್ತೆ ಮತ್ತೆ ಹೇಳಿಸಿದಾಗ ಮೌನ ಕಡಿಮೆಯಾಗುತ್ತ ಬಂತು.

ಇದರಿಂದ ನಾವು ತಿಳಿಯಬೇಕಾದದ್ದು: ಮಾತಿನ ನಡುವಿನ ಮೌನ ಬರೀ ಖಾಲಿ ಜಾಗವಲ್ಲ, ಅಲ್ಲಿ ಯೋಚನೆ ನಡೆದಿರುತ್ತದೆ. ನೂರು ಸಲ ಹೇಳಿದ ಕಷ್ಟದ ಕಥೆಯನ್ನು ರೋಗಿ ಸರಾಗವಾಗಿ ಹೇಳಬಹುದು. ಯಾರಿಗೂ ಹೇಳದ ವಿಷಯ ಬಂದಾಗ ಮಾತು ತಡವರಿಸುತ್ತದೆ. ಚಿಕಿತ್ಸೆಯಲ್ಲಿ ಅನೇಕ ಸಲ ಅದೇ ಮುಖ್ಯವಾದ ಘಳಿಗೆ. ತಡವರಿಸಿದವರೆಲ್ಲ ಸುಳ್ಳು ಹೇಳುತ್ತಿದ್ದಾರೆ ಎಂದು ದಯವಿಟ್ಟು ತಿಳಿಯಬೇಡಿ.

ಭಾವನೆಗಳಿಂದ ಆಗುವ ಬದಲಾವಣೆ

1. ಖಿನ್ನತೆ: ಮಾತು ನಿಧಾನ, ದನಿ ಸಣ್ಣದು, ಉತ್ತರ ಬರುವುದು ತಡ. ಇದು ಸೋಮಾರಿತನವಲ್ಲ, ಮೊಂಡುತನವೂ ಅಲ್ಲ, ಕಾಯಿಲೆಯ ಲಕ್ಷಣ. ಚಿಕಿತ್ಸೆಯಿಂದ ಗುಣವಾಗುತ್ತ ಬಂದಂತೆ ಮೌನ ಕಡಿಮೆಯಾಗುತ್ತದೆ. ಔಷಧದ ಪರಿಣಾಮ ಕಾಣಲು ಕೆಲವು ವಾರ ಬೇಕು, ತಾಳ್ಮೆ ಇರಲಿ.

2. ಆತಂಕ: ಕೆಲವರು ಉಸಿರು ಕಟ್ಟಿದಂತೆ ಬೇಗ ಬೇಗ ಮಾತನಾಡುತ್ತಾರೆ. ಪದಗಳು ಎಡವುತ್ತವೆ, ವಾಕ್ಯಗಳು ಅರ್ಧಕ್ಕೇ ನಿಲ್ಲುತ್ತವೆ. ಇನ್ನು ಕೆಲವರಿಗೆ ಮಾತೇ ಹೊರಡುವುದಿಲ್ಲ.

3. ಉನ್ಮಾದ: ತಡೆಯಲಾಗದಷ್ಟು ವೇಗದ ಮಾತು, ವಿಷಯದಿಂದ ವಿಷಯಕ್ಕೆ ಹಾರುವುದು, ನಿದ್ದೆ ಕಡಿಮೆಯಾದರೂ ಆಯಾಸವಿಲ್ಲದಿರುವುದು. "ಈಗ ಹುಷಾರಾಗಿದ್ದಾನೆ, ಚೆನ್ನಾಗಿ ಮಾತಾಡುತ್ತಾನೆ" ಎಂದು ಸಮಾಧಾನಪಡದೆ ವೈದ್ಯರಿಗೆ ತಿಳಿಸಿ.

ಹುಟ್ಟಿನಿಂದಲೇ ಬೇಗ ಮಾತನಾಡುವವರಿದ್ದಾರೆ, ನಿಧಾನಸ್ಥರೂ ಇದ್ದಾರೆ. ಒಬ್ಬರನ್ನು ಇನ್ನೊಬ್ಬರಿಗೆ ಹೋಲಿಸಬೇಡಿ. ಅವರ ಹಿಂದಿನ ಮಾತಿಗೂ ಇಂದಿನ ಮಾತಿಗೂ ವ್ಯತ್ಯಾಸ ಬಂದಿದೆಯೇ ಎಂದು ನೋಡಿ. ಅದನ್ನು ವೈದ್ಯರಿಗಿಂತ ಚೆನ್ನಾಗಿ ಬಲ್ಲವರು ನೀವೇ. ಥೈರಾಯ್ಡ್ ಕೊರತೆ, ಪಾರ್ಕಿನ್ಸನ್ ಕಾಯಿಲೆ ಮತ್ತು ಕೆಲವು ಮಾತ್ರೆಗಳಿಂದಲೂ ಮಾತು ನಿಧಾನವಾಗಬಹುದು. ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

ಬಂಧುಗಳು ಮಾಡಬೇಕಾದದ್ದು

1. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಒಂದರಿಂದ ಹತ್ತರವರೆಗೆ ಎಣಿಸಿ. ಉತ್ತರ ಬರದಿದ್ದರೆ ಇನ್ನೊಮ್ಮೆ ಎಣಿಸಿ.
2. ರೋಗಿಯ ಪರವಾಗಿ ನೀವು ಉತ್ತರ ಹೇಳಬೇಡಿ. ಅವರ ವಾಕ್ಯವನ್ನು ನೀವು ಮುಗಿಸಬೇಡಿ.
3. "ಬೇಗ ಹೇಳು, ಡಾಕ್ಟರ್ ಕಾಯ್ತಿದ್ದಾರೆ" ಎನ್ನಬೇಡಿ. ನಾವು ಕಾಯುತ್ತೇವೆ.
4. ವೇಗವಾಗಿ ಮಾತನಾಡುವವರ ಎದುರು ನೀವು ನಿಧಾನವಾಗಿ, ಮೆತ್ತಗೆ ಮಾತನಾಡಿ. "ನಿಧಾನ ಮಾತಾಡು" ಎಂದು ಗದರುವುದಕ್ಕಿಂತ ಇದರಿಂದ ಹೆಚ್ಚು ಉಪಯೋಗ.
5. ರೋಗಿಯೊಬ್ಬರನ್ನೇ ಮಾತನಾಡಿಸಲು ನಾವು ನಿಮ್ಮನ್ನು ಹೊರಗೆ ಕಳಿಸಿದರೆ ಬೇಸರಪಡಬೇಡಿ. ಗೋಪ್ಯತೆ ರೋಗಿಯ ಹಕ್ಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಅದನ್ನೇ ಹೇಳುತ್ತದೆ.

ರೋಗಿಗಳಿಗೆ ಒಂದು ಮಾತು

ಸಲಹಾ ಕೋಣೆಯಲ್ಲಿ ನೀವು ಮೌನವಾಗಿ ಕುಳಿತರೆ ಸಮಯ ಹಾಳಾಯಿತೆಂದು ಅಂಜಬೇಡಿ. "ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ" ಎಂದಷ್ಟೇ ಹೇಳಿದರೂ ಸಾಕು. ಅತ್ತರೆ ಅಳಿ. ಮಾತು ಓಡತೊಡಗಿದರೆ ಒಮ್ಮೆ ನಿಲ್ಲಿಸಿ, ನಿಧಾನವಾಗಿ ಉಸಿರು ಬಿಟ್ಟು, ಮತ್ತೆ ಆರಂಭಿಸಿ.

ತಡಮಾಡಬಾರದ ಸಂದರ್ಭಗಳು

ಮಾತು ಇದ್ದಕ್ಕಿದ್ದಂತೆ ತೊದಲಿದರೆ, ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲು ಸೋತರೆ ಅದು ಮನಸ್ಸಿನ ವಿಷಯವಲ್ಲ, ಪಾರ್ಶ್ವವಾಯು ಇರಬಹುದು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೂಡಲೇ 108ಕ್ಕೆ ಕರೆ ಮಾಡಿ. ವಾರ್ಡಿನಲ್ಲಿದ್ದರೆ ಸಿಸ್ಟರನ್ನು ಕೂಗಿ.

ಸಾಯುವ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. "ಸಾಯಬೇಕು ಅನಿಸುತ್ತಿದೆಯೇ?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೇಳಿಕೊಂಡು ಹಗುರಾಗಲು ದಾರಿಯಾಗುತ್ತದೆ. ಅವರನ್ನು ಒಂಟಿಯಾಗಿ ಬಿಡದೆ ನಮಗೆ ತಿಳಿಸಿ. ಮನೆಗೆ ಹೋದ ಮೇಲಾದರೆ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರಲ್ಲಿ ಆರಂಭವಾದ ಈ ಸೇವೆಯಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು.

ಹನ್ನೆರಡನೆಯ ಶತಮಾನದ ಕಲ್ಯಾಣದ ಅನುಭವ ಮಂಟಪದಲ್ಲಿ ಎಲ್ಲ ಕಾಯಕದವರೂ ಕೂಡಿ ಕುಳಿತು ತಮ್ಮ ಅನುಭವ ಹೇಳಿಕೊಂಡರೆಂದು ನಾವು ಹೆಮ್ಮೆಪಡುತ್ತೇವೆ. ಹೇಳುವವರಿದ್ದಂತೆ ಅಲ್ಲಿ ಕೇಳುವವರೂ ಇದ್ದರು. ಅನ್ನದ ದಾಸೋಹ ಎಲ್ಲರಿಗೂ ಗೊತ್ತು. ಹಾಸಿಗೆಯ ಪಕ್ಕ ಕುಳಿತು ಒಬ್ಬರ ಮಾತಿಗೆ ಕಾಯುವುದೂ ದಾಸೋಹವೇ. ಇಂದು ಸಂಜೆ ನಿಮ್ಮವರ ಹತ್ತಿರ ಹತ್ತು ನಿಮಿಷ ಹಾಗೆ ಕುಳಿತು ನೋಡಿ.