ಗುದ್ದು ಹುಟ್ಟುವುದು ಪಾದದಲ್ಲಿ: ಫುಟ್‌ಬಾಲ್ ಆಟಗಾರರ ಸಿದ್ಧತೆಯಲ್ಲಿ ಬಾಕ್ಸಿಂಗ್ – ಎರಡು ಸಲ ಬೋಧಿಸಿದ ಒಂದು ಪಾಠ

ಬೋಧನಾಭ್ಯಾಸದ ಅವಧಿ ಮುಗಿದ ಮೇಲೆ ನಾವು ಸಾಮಾನ್ಯವಾಗಿ ಚೆನ್ನಾಗಿ ನಡೆದ ಪಾಠಗಳನ್ನೇ ಬರೆದಿಡುತ್ತೇವೆ. ಈ ಲೇಖನ ಕೆಟ್ಟುಹೋದ ಒಂದು ಪಾಠದ ಕುರಿತದ್ದು. ಅದು ಏಕೆ ಕೆಟ್ಟಿತು, ಹತ್ತು ದಿನಗಳ ನಂತರ ಅದನ್ನು ಹೇಗೆ ಮತ್ತೆ ಕಟ್ಟಿದೆವು ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ. ಪಾಠ ಮಾಡಿದವರು ನಮ್ಮ ದೈಹಿಕ ಶಿಕ್ಷಣ ವಿಭಾಗದ ಒಬ್ಬ ಪ್ರಶಿಕ್ಷಣಾರ್ಥಿ. ಅವರ ಪಾಠ ಯೋಜನೆಗೆ ಸಹಿ ಹಾಕಿದವನು ನಾನು.

ಹಿನ್ನೆಲೆ

ಅಭ್ಯಾಸ ಶಾಲೆಯ ಒಂಬತ್ತನೆಯ ತರಗತಿ, 44 ಮಕ್ಕಳು. ಆ ವಾರ ಫುಟ್‌ಬಾಲ್ ಘಟಕ ನಡೆಯುತ್ತಿತ್ತು. ಒಬ್ಬ ಹುಡುಗ, ‘ಸಾರ್, ದೊಡ್ಡ ದೊಡ್ಡ ಕ್ಲಬ್‌ನವರು ಬಾಕ್ಸಿಂಗ್ ಮಾಡೋ ವಿಡಿಯೊ ನೋಡಿದ್ದೀನಿ. ಕಾಲಲ್ಲಿ ಆಡೋರಿಗೆ ಕೈ ಗುದ್ದು ಯಾಕೆ?’ ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಪ್ರಶಿಕ್ಷಣಾರ್ಥಿ ಆ ಪ್ರಶ್ನೆಯನ್ನೇ ಮುಂದಿನ ಪಾಠದ ವಿಷಯವಾಗಿಸಲು ಬಯಸಿದರು. ಮಗುವಿನ ಕುತೂಹಲದಿಂದ ಹೊರಟ ಪಾಠ ಎಂದು ನಾನೂ ಸಂತೋಷಪಟ್ಟೆ.

ಯೋಜನೆಯ ಹಾಳೆಯಲ್ಲಿ ಪೀಠಿಕೆಯ ಕಲಮಿನಲ್ಲಿ ‘ವಿಡಿಯೊ ತೋರಿಸುವುದು’ ಎಂದೂ, ಚಟುವಟಿಕೆಯ ಕಲಮಿನಲ್ಲಿ ‘ಜೋಡಿ ಅಭ್ಯಾಸ, 10 ನಿಮಿಷ’ ಎಂದೂ ಇತ್ತು. ಯಾವ ವಿಡಿಯೊ, ಜೋಡಿಯಲ್ಲಿ ಏನು ಮಾಡುತ್ತಾರೆ ಎಂದು ನಾನು ಕೇಳಲಿಲ್ಲ.

ಮೊದಲ ಪಾಠ

ಪೀಠಿಕೆಗೆ ಪ್ರಶಿಕ್ಷಣಾರ್ಥಿ ಆರಿಸಿಕೊಂಡದ್ದು ಇಂಗ್ಲೆಂಡಿನ ವೇಯ್ನ್ ರೂನಿಯ ಪ್ರಸಂಗ. ಬಾಲ್ಯದಲ್ಲಿ ಬಾಕ್ಸಿಂಗ್ ಅಭ್ಯಾಸ ಮಾಡಿದ್ದ ರೂನಿ, ತಮ್ಮ ಮನೆಯ ಅಡುಗೆಮನೆಯಲ್ಲಿ ಗೆಳೆಯನಾದ ಇನ್ನೊಬ್ಬ ಫುಟ್‌ಬಾಲ್ ಆಟಗಾರನೊಡನೆ ತಮಾಷೆಗೆ ಗ್ಲೌಸ್ ಹಾಕಿ ಗುದ್ದಾಡುತ್ತಾ ನೆಲಕ್ಕೆ ಬಿದ್ದ ದೃಶ್ಯ 2015ರ ಮಾರ್ಚ್‌ನಲ್ಲಿ ಬಹಿರಂಗವಾಯಿತು. ಅದೇ ದಿನ ಟಾಟೆನ್‌ಹ್ಯಾಮ್ ವಿರುದ್ಧ ಗೋಲು ಹೊಡೆದ ಅವರು, ಪೆಟ್ಟು ತಿಂದವರಂತೆ ಮೈದಾನದಲ್ಲಿ ಅಂಗಾತ ಬಿದ್ದು ಸಂಭ್ರಮಿಸಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಪೀಠಿಕೆ ಯಶಸ್ವಿಯಾಯಿತು ಎಂದು ನಾನು ವೀಕ್ಷಣಾ ಪುಸ್ತಕದಲ್ಲಿ ಬರೆದೆ.

ನಂತರ ಜೋಡಿ ಅಭ್ಯಾಸ. ಇದ್ದದ್ದು ನಾಲ್ಕು ಜೊತೆ ಗ್ಲೌಸ್. ಉಳಿದವರಿಗೆ ‘ಬರಿಗೈಯಲ್ಲಿ ಮೆಲ್ಲಗೆ ಎದುರಿನವರ ಭುಜ ಮುಟ್ಟಿ’ ಎಂಬ ಸೂಚನೆ. ಎರಡು ನಿಮಿಷ ಮೆಲ್ಲಗೆ ನಡೆಯಿತು. ಆಮೇಲೆ ಭುಜ ತಪ್ಪಿತು, ಯಾರೋ ರೂನಿಯಂತೆ ಬಿದ್ದು ತೋರಿಸಿದರು, ಅವರನ್ನು ನೋಡಿ ಇನ್ನೊಬ್ಬರು. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬೇವಿನ ಮರದ ನೆರಳಿಗೆ ಸರಿದರು. ಅಷ್ಟರಲ್ಲಿ ಒಬ್ಬ ಹುಡುಗನ ಮೂಗಿನಿಂದ ರಕ್ತ ಬಂತು. ಪ್ರಶ್ನೆ ಕೇಳಿದ ಹುಡುಗನೇ ಅವನು.

ಪ್ರಶಿಕ್ಷಣಾರ್ಥಿ ಗಾಬರಿಯಿಂದ ಅವನ ತಲೆಯನ್ನು ಹಿಂದಕ್ಕೆ ಬಾಗಿಸಿದರು. ಶಾಲೆಯ ಮಾರ್ಗದರ್ಶಕ ಶಿಕ್ಷಕರು ಓಡಿಬಂದು ಹುಡುಗನನ್ನು ಕೂರಿಸಿ, ತಲೆಯನ್ನು ಮುಂದಕ್ಕೆ ಬಗ್ಗಿಸಿ, ಮೂಗಿನ ಮೆದು ಭಾಗವನ್ನು ಹತ್ತು ನಿಮಿಷ ಒತ್ತಿಹಿಡಿದರು. ತಲೆ ಹಿಂದಕ್ಕೆ ಬಾಗಿಸಿದರೆ ರಕ್ತ ಗಂಟಲಿಗೆ ಇಳಿಯುತ್ತದೆ. ಇದು ಪ್ರಥಮ ಚಿಕಿತ್ಸೆಯ ಮೊದಲ ಪಾಠಗಳಲ್ಲೊಂದು. ಮೂಗಿನ ರಕ್ತ ನಿಂತಿತು. ಆದರೆ ಪೆಟ್ಟು ಬಿದ್ದದ್ದು ತಲೆಯ ಭಾಗಕ್ಕೆ. ಹಾಗಾಗಿ ಆ ದಿನ ಅವನನ್ನು ಮತ್ತೆ ಆಡಲು ಬಿಡಲಿಲ್ಲ. ತಲೆನೋವು, ವಾಂತಿ, ಮಂಪರು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಮನೆಯವರಿಗೆ ತಿಳಿಸಲಾಯಿತು.

ಮರುದಿನ ಹುಡುಗನ ತಂದೆ ಬಂದರು. ಜಗಳವಾಡಲಿಲ್ಲ. ‘ನಮ್ಮ ಹುಡುಗ ಫುಟ್‌ಬಾಲ್ ಆಡೋಕೆ ಬಂದಿದ್ದ ಸಾರ್, ಗುದ್ದಿಸ್ಕೊಳ್ಳೋಕಲ್ಲ’ ಎಂದಷ್ಟೇ ಹೇಳಿ ಹೋದರು. ಆ ಮಾತಿಗೆ ನಮ್ಮಿಬ್ಬರಲ್ಲೂ ಉತ್ತರವಿರಲಿಲ್ಲ. ಈ ಪಾಠದಲ್ಲಿ ಫುಟ್‌ಬಾಲ್ ಎಲ್ಲಿತ್ತು ಎಂದು ಹುಡುಕಿದರೆ ವಿಡಿಯೊದಲ್ಲಿ ಬಿಟ್ಟು ಬೇರೆಲ್ಲೂ ಇರಲಿಲ್ಲ.

ವಿಷಯ ವಿಶ್ಲೇಷಣೆ

ಮತ್ತೆ ಯೋಜನೆ ಬರೆಯುವ ಮುನ್ನ ಹುಡುಗನ ಪ್ರಶ್ನೆಗೆ ನಾವೇ ಉತ್ತರ ಕಂಡುಕೊಳ್ಳಬೇಕಾಯಿತು. ಇಲ್ಲಿ ನೆರವಾದದ್ದು ಶೈಕ್ಷಣಿಕ ಮನೋವಿಜ್ಞಾನದಲ್ಲಿ ನಾವೆಲ್ಲರೂ ಓದಿ ಪರೀಕ್ಷೆ ಬರೆದು ಮರೆತ ಒಂದು ಅಧ್ಯಾಯ: ಕಲಿಕೆಯ ವರ್ಗಾವಣೆ. ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ 1901ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬೆಳೆದ ಸಮಾನ ಅಂಶಗಳ ಸಿದ್ಧಾಂತದ ಪ್ರಕಾರ, ಒಂದು ಕಲಿಕೆ ಇನ್ನೊಂದಕ್ಕೆ ವರ್ಗವಾಗುವುದು ಎರಡರಲ್ಲೂ ಒಂದೇ ಬಗೆಯ ಅಂಶಗಳಿದ್ದಷ್ಟು ಮಟ್ಟಿಗೆ ಮಾತ್ರ. ಹಾಗಾದರೆ ಬಾಕ್ಸಿಂಗ್‌ನಲ್ಲೂ ಫುಟ್‌ಬಾಲ್‌ನಲ್ಲೂ ಇರುವ ಸಮಾನ ಅಂಶಗಳು ಯಾವುವು?

1. *ಶ್ರಮ–ವಿಶ್ರಾಂತಿಯ ಲಯ.* ವೃತ್ತಿಪರ ಪಂದ್ಯವೊಂದರಲ್ಲಿ, ಗೋಲ್‌ಕೀಪರ್ ಬಿಟ್ಟು, ಒಬ್ಬ ಆಟಗಾರ 90 ನಿಮಿಷಗಳಲ್ಲಿ ಸುಮಾರು 10ರಿಂದ 12 ಕಿಲೋಮೀಟರ್ ದೂರ ಕ್ರಮಿಸುತ್ತಾನೆ. ಇದು ಒಂದೇ ಸಮನೆಯ ಓಟವಲ್ಲ. ನಡಿಗೆ, ಕುಲುಕು ಓಟ, ಕೆಲವೇ ಸೆಕೆಂಡುಗಳ ಬಿರುಸಿನ ಓಟ, ಮತ್ತೆ ನಡಿಗೆ. ಬಾಕ್ಸಿಂಗ್ ಕೂಡ ಹೀಗೆಯೇ: ಒಲಿಂಪಿಕ್ ಬಾಕ್ಸಿಂಗ್‌ನಲ್ಲಿ 3 ನಿಮಿಷಗಳ 3 ಸುತ್ತು, ನಡುವೆ 1 ನಿಮಿಷ ವಿರಾಮ, ಸುತ್ತಿನೊಳಗೂ ಗುದ್ದುಗಳ ಸುರಿಮಳೆ, ನಂತರ ಚಲನೆ ಮಾತ್ರ. ಎರಡರಲ್ಲೂ ಬೇಕಾದದ್ದು ಬಿರುಸಿನ ನಂತರ ಬೇಗ ಚೇತರಿಸಿಕೊಳ್ಳುವ ದಮ್ಮು.

2. *ನಿಲುವು.* ಚೆಂಡು ತರುವ ಎದುರಾಳಿಯನ್ನು ತಡೆದು ನಿಲ್ಲಿಸುವ ರಕ್ಷಣಾ ಆಟಗಾರ ಎದೆಯೊಡ್ಡಿ ನಿಲ್ಲುವುದಿಲ್ಲ. ಒಂದು ಕಾಲು ಮುಂದೆ, ಮೈ ಓರೆ, ಮೊಣಕಾಲು ಮಡಿಕೆ, ಭಾರ ಪಾದದ ಮುಂಭಾಗದಲ್ಲಿ. ಬಾಕ್ಸರ್‌ನ ಮೂಲ ನಿಲುವೂ ಇದೇ.

3. *ಪಾದಚಲನೆ.* ಬಾಕ್ಸರ್ ಯಾವ ದಿಕ್ಕಿಗೆ ಹೋಗಬೇಕೋ ಆ ದಿಕ್ಕಿನ ಕಾಲನ್ನು ಮೊದಲು ಇಟ್ಟು ಇನ್ನೊಂದನ್ನು ಎಳೆದುಕೊಳ್ಳುತ್ತಾನೆ. ಕಾಲಿಗೆ ಕಾಲು ಅಡ್ಡ ಹಾಕುವುದಿಲ್ಲ. ಅಡ್ಡ ಹಾಕಿದ ಕ್ಷಣದಲ್ಲಿ ಸಮತೋಲನ ತಪ್ಪುತ್ತದೆ. ಡ್ರಿಬಲ್ ಮಾಡುವ ಜಾಣ ಆಟಗಾರ ಕಾಯುವುದೂ ರಕ್ಷಕನ ಕಾಲು ಅಡ್ಡವಾಗುವ ಅದೇ ಕ್ಷಣಕ್ಕಾಗಿ.

4. *ಸೊಂಟದ ತಿರುವು.* ಗುದ್ದು ತೋಳಿನ ಕೆಲಸವೆಂದು ಮಕ್ಕಳು ತಿಳಿದಿರುತ್ತಾರೆ. ನಿಜವಾಗಿ ಅದು ಹಿಂದಿನ ಪಾದ ನೆಲವನ್ನು ಒತ್ತುವಲ್ಲಿ ಹುಟ್ಟಿ, ಹಿಮ್ಮಡಿ ಎದ್ದು, ಸೊಂಟ ತಿರುಗಿ, ಮುಂಡ ಮತ್ತು ಭುಜದ ಮೂಲಕ ಮುಷ್ಟಿಗೆ ತಲುಪುತ್ತದೆ. ಚೆಂಡು ಒದೆಯುವಾಗಲೂ ಊರಿದ ಕಾಲು, ಸೊಂಟ, ಮುಂಡ ಇದೇ ರೀತಿ ಸರಪಳಿಯಾಗಿ ಕೆಲಸ ಮಾಡುತ್ತವೆ.

ಇವುಗಳ ಜೊತೆಗೆ ವೃತ್ತಿಪರ ಕ್ಲಬ್‌ಗಳಿಗೆ ಪ್ರಾಯೋಗಿಕ ಲಾಭಗಳೂ ಇವೆ. ಪ್ಯಾಡ್ ಅಥವಾ ಚೀಲಕ್ಕೆ ಗುದ್ದುವಾಗ ಹೃದಯ ಬಡಿತ ಚೆನ್ನಾಗಿ ಏರುತ್ತದೆ, ಆದರೆ ಓಟದಲ್ಲಿ ಹೆಜ್ಜೆಹೆಜ್ಜೆಗೂ ಕಾಲಿಗೆ ಬೀಳುವ ಹೊಡೆತವಿರುವುದಿಲ್ಲ. ಕಣಕಾಲಿಗೆ ಗಾಯವಾದ ಆಟಗಾರ ಕುಳಿತೇ ಗುದ್ದಿ ದಮ್ಮು ಉಳಿಸಿಕೊಳ್ಳಬಹುದು. ಋತುವಿನ ಆರಂಭದ ಬೇಸರದ ಓಟಗಳ ನಡುವೆ ಅದೊಂದು ಬದಲಾವಣೆಯೂ ಹೌದು.

ಸಮಾನವಲ್ಲದ ಅಂಶಗಳನ್ನೂ ಪಟ್ಟಿ ಮಾಡಿದೆವು. ಪಾಠಕ್ಕೆ ಅದೂ ಅಷ್ಟೇ ಮುಖ್ಯ. ಬಾಕ್ಸಿಂಗ್‌ನಲ್ಲಿ ಪೂರ್ಣ ವೇಗದ ಉದ್ದ ಓಟವಿಲ್ಲ. ವೃತ್ತಿಪರ ಫುಟ್‌ಬಾಲ್‌ನಲ್ಲಿ ಅತಿ ಹೆಚ್ಚು ಕಾಣುವ ಸ್ನಾಯು ಗಾಯ ತೊಡೆಯ ಹಿಂಭಾಗದ್ದು. ಅಲ್ಲಿನ ಸ್ನಾಯುವನ್ನು ಗುದ್ದಿನ ಅಭ್ಯಾಸ ಗಟ್ಟಿ ಮಾಡುವುದಿಲ್ಲ. ಅದಕ್ಕೆ ವೇಗದ ಓಟ ಮತ್ತು ಪ್ರತ್ಯೇಕ ವ್ಯಾಯಾಮ ಬೇಕೇ ಬೇಕು. ಚೆಂಡಿನ ಮೇಲಿನ ಹಿಡಿತ ಬಾಕ್ಸಿಂಗ್‌ನಿಂದ ಬರುವುದಿಲ್ಲ. ಎದುರಾಳಿಗೆ ಹೊಡೆಯುವ ಕೌಶಲಕ್ಕಂತೂ ಫುಟ್‌ಬಾಲ್‌ನಲ್ಲಿ ಸಿಗುವುದು ಕೆಂಪು ಕಾರ್ಡು.

ಬಾಕ್ಸಿಂಗ್ ವ್ಯಾಯಾಮ ಬೇರೆ, ಬಾಕ್ಸಿಂಗ್ ಪಂದ್ಯ ಬೇರೆ ಎಂಬುದು ಇಲ್ಲಿ ಸ್ಪಷ್ಟವಾಯಿತು. ಎರಡನ್ನೂ ತೋರಿಸುವ ಉದಾಹರಣೆಗಳಿವೆ. ಕರ್ಟಿಸ್ ವುಡ್‌ಹೌಸ್ ಫುಟ್‌ಬಾಲ್ ಲೀಗ್ ಬಿಟ್ಟು ವೃತ್ತಿಪರ ಬಾಕ್ಸರ್ ಆಗಿ 2014ರಲ್ಲಿ ಬ್ರಿಟಿಷ್ ಲೈಟ್-ವೆಲ್ಟರ್‌ವೇಟ್ ಪಟ್ಟ ಗೆದ್ದರು. ಅದು ಎಂಟು ವರ್ಷಗಳ ಪ್ರತ್ಯೇಕ ಸಾಧನೆ. ಮ್ಯಾಂಚೆಸ್ಟರ್ ಯುನೈಟೆಡ್‌ನ ರಿಯೊ ಫರ್ಡಿನೆಂಡ್ ನಿವೃತ್ತಿಯ ನಂತರ 2017ರಲ್ಲಿ ಬಾಕ್ಸರ್ ಆಗುವೆನೆಂದು ಘೋಷಿಸಿ ತರಬೇತಿ ಪಡೆದರೂ, ಬ್ರಿಟನ್ನಿನ ಬಾಕ್ಸಿಂಗ್ ನಿಯಂತ್ರಣ ಮಂಡಳಿ ಅವರಿಗೆ ಪರವಾನಗಿ ಕೊಡಲಿಲ್ಲ. ಹೆಸರಾಂತ ಆಟಗಾರನ ಮೈಕಟ್ಟೂ ರಿಂಗ್‌ಗೆ ಇಳಿಯಲು ಅರ್ಹತೆಯಾಗಲಿಲ್ಲ ಎಂದಮೇಲೆ, ಒಂಬತ್ತನೆಯ ತರಗತಿಯ ಮಕ್ಕಳನ್ನು ಹತ್ತು ನಿಮಿಷದ ಜೋಡಿ ಅಭ್ಯಾಸಕ್ಕೆ ಇಳಿಸಿದ ನಮ್ಮ ಧೈರ್ಯವನ್ನು ಏನೆನ್ನಬೇಕು? ಫುಟ್‌ಬಾಲ್‌ನಲ್ಲೇ ತಲೆಯ ಬಗ್ಗೆ ಎಚ್ಚರ ಹೆಚ್ಚಿದೆ. 2020ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಪ್ರಾಥಮಿಕ ಶಾಲಾ ವಯಸ್ಸಿನ ಮಕ್ಕಳಿಗೆ ತರಬೇತಿಯಲ್ಲಿ ತಲೆಯಿಂದ ಚೆಂಡು ಹೊಡೆಸಬಾರದೆಂದು ಮಾರ್ಗಸೂಚಿ ಹೊರಡಿಸಿತು.

ಪರಿಷ್ಕೃತ ಪಾಠ ಯೋಜನೆ (40 ನಿಮಿಷ)

*ಉದ್ದೇಶ:* ಬಾಕ್ಸಿಂಗ್‌ನ ನಿಲುವು ಮತ್ತು ಪಾದಚಲನೆಯನ್ನು ಫುಟ್‌ಬಾಲ್‌ನ ರಕ್ಷಣಾ ಆಟಕ್ಕೆ ಅನ್ವಯಿಸುವುದು.
*ಉಪಕರಣ:* ಸುಣ್ಣದ ಗೆರೆ, ಸೀಟಿ, 11 ಚೆಂಡು. ಗ್ಲೌಸ್ ಇಲ್ಲ.
*ನಿಯಮ:* ಯಾರ ಕೈಯೂ ಯಾರ ಮೈಯನ್ನೂ ಮುಟ್ಟುವುದಿಲ್ಲ. ಇಬ್ಬರ ನಡುವೆ ಎರಡು ತೋಳಿನ ಅಂತರ.

- *ಪೀಠಿಕೆ (4 ನಿಮಿಷ):* ಒಬ್ಬ ವಿದ್ಯಾರ್ಥಿ ಕುರ್ಚಿಯಲ್ಲಿ ಕಾಲು ಮೇಲೆತ್ತಿ ಕುಳಿತು ಗಾಳಿಗೆ ಗುದ್ದುವುದು. ನಂತರ ನಿಂತು ಗುದ್ದುವುದು. ‘ಯಾವುದರಲ್ಲಿ ಬಲ ಹೆಚ್ಚು? ಏಕೆ?’
- *ಮೈ ಕಾಯಿಸುವುದು (6 ನಿಮಿಷ):* ಕುಲುಕು ಓಟ, ಭುಜ, ಸೊಂಟ ಮತ್ತು ಕಣಕಾಲಿನ ತಿರುವುಗಳು.
- *ಪ್ರಾತ್ಯಕ್ಷಿಕೆ ಮತ್ತು ಅನುಕರಣೆ (8 ನಿಮಿಷ):* ನಿಲುವು. ಮುಂದೆ, ಹಿಂದೆ, ಬಲಕ್ಕೆ, ಎಡಕ್ಕೆ ಚಲನೆ. ಮುಷ್ಟಿಯ ಹೊರಗೆ ಹೆಬ್ಬೆರಳು, ಮಣಿಕಟ್ಟು ನೇರ, ಗುದ್ದುವಾಗ ಉಸಿರು ಹೊರಕ್ಕೆ. ಅರ್ಧ ಸಮಯ ಎಡಗಾಲು ಮುಂದೆ, ಅರ್ಧ ಸಮಯ ಬಲಗಾಲು ಮುಂದೆ.
- *ಸುತ್ತುಗಳು (8 ನಿಮಿಷ):* 30 ಸೆಕೆಂಡು ಗಾಳಿಗುದ್ದು, ಸೀಟಿಗೆ 10 ಮೀಟರ್ ಓಟ, 45 ಸೆಕೆಂಡು ನಡಿಗೆ, ಐದು ಬಾರಿ. ಕೊನೆಯಲ್ಲಿ 10 ಸೆಕೆಂಡು ನಾಡಿ ಎಣಿಸಿ ಆರರಿಂದ ಗುಣಿಸುವುದು; ಒಂದು ನಿಮಿಷ ಬಿಟ್ಟು ಮತ್ತೆ ಎಣಿಸುವುದು.
- *ಅನ್ವಯ (10 ನಿಮಿಷ):* ನಾಲ್ವರ ಗುಂಪಿಗೆ ಒಂದು ಚೆಂಡು, 5 ಮೀಟರ್ ಅಗಲದ ಓಣಿ. ಒಬ್ಬರು ಚೆಂಡು ತರುವುದು, ಒಬ್ಬರು ಕಸಿಯದೆ ತಡೆಯುತ್ತಾ ಹಿಂದೆ ಸರಿಯುವುದು, ಉಳಿದಿಬ್ಬರು ರಕ್ಷಕನ ಕಾಲು ಅಡ್ಡವಾಯಿತೇ ಎಂದು ನೋಡುವುದು.
- *ಸಮಾರೋಪ (4 ನಿಮಿಷ):* ಅಂಗ ಸಡಿಲಿಕೆ, ಪ್ರಶ್ನೆಗಳು.

ಎರಡನೆಯ ಪಾಠ

ಕುರ್ಚಿಯ ಪೀಠಿಕೆಗೆ ನಗು ಬಂತು, ಆದರೆ ಬೇರೆ ಬಗೆಯದು. ಕಾಲು ನೆಲ ಬಿಟ್ಟಾಗ ಗುದ್ದು ಸಪ್ಪೆಯಾದದ್ದನ್ನು ಮಕ್ಕಳೇ ಕಂಡು ಹೇಳಿದರು. ಮೂಗಿಗೆ ಪೆಟ್ಟಾಗಿದ್ದ ಹುಡುಗ ಸಾಲಿನ ಕೊನೆಯಲ್ಲಿ ನಿಂತಿದ್ದ. ‘ಸಾರ್, ಇವತ್ತು ಯಾರಿಗೂ ಹೊಡೆಯೋದಿಲ್ವಾ?’ ಎಂದು ಕೇಳಿ, ಇಲ್ಲವೆಂದು ಖಚಿತಪಡಿಸಿಕೊಂಡು ಮುಂದೆ ಬಂದ. ಹೆಣ್ಣುಮಕ್ಕಳಲ್ಲಿ ಒಬ್ಬರೂ ಮರದ ನೆರಳಿಗೆ ಹೋಗಲಿಲ್ಲ.

ಅನ್ವಯದ ಹಂತದಲ್ಲಿ ‘ಅಡ್ಡ! ಅಡ್ಡ!’ ಎಂಬ ಕೂಗು ಓಣಿ ಓಣಿಯಿಂದ ಕೇಳುತ್ತಿತ್ತು, ಕೊನೆಕೊನೆಗೆ ಕಡಿಮೆಯಾಯಿತು. ಒಂದೇ ಪಾಠದಿಂದ ಕೌಶಲ ಗಟ್ಟಿಯಾಯಿತೆಂದು ನಾನು ಹೇಳುವುದಿಲ್ಲ. ಆದರೆ ಮೌಲ್ಯಮಾಪನದಲ್ಲಿ ‘ಕಾಲಲ್ಲಿ ಆಡುವವರಿಗೆ ಗುದ್ದು ಏಕೆ?’ ಎಂಬ ಹಳೆಯ ಪ್ರಶ್ನೆಯನ್ನೇ ಕೇಳಿದಾಗ ಒಬ್ಬ ಹುಡುಗಿ, ‘ಗುದ್ದೂ ಕಾಲಿಂದಾನೇ ಬರೋದು ಸಾರ್’ ಎಂದಳು. ‘ಹಾಗಾದರೆ ಬಾಕ್ಸಿಂಗ್ ಒಂದೇ ಸಾಕೇ?’ ಎಂಬ ಮರುಪ್ರಶ್ನೆಗೆ ಮೂರ್ನಾಲ್ಕು ಧ್ವನಿಗಳು ಒಟ್ಟಿಗೆ ಬಂದವು: ಓಡಬೇಕು, ಚೆಂಡೂ ಬೇಕು.

ಪಾಠದಲ್ಲಿ ಕೊರತೆಗಳೂ ಇದ್ದವು. ಸುತ್ತುಗಳಲ್ಲಿ ಎಲ್ಲರಿಗೂ ಒಂದೇ ಪ್ರಮಾಣದ ಶ್ರಮ ಕೊಟ್ಟದ್ದರಿಂದ ಇಬ್ಬರು ಮಕ್ಕಳು ಮೂರನೆಯ ಸುತ್ತಿಗೇ ಸುಸ್ತಾದರು. ನಾಡಿ ಎಣಿಸುವುದನ್ನು ಹಿಂದಿನ ತರಗತಿಯಲ್ಲೇ ಕಲಿಸಿರಬೇಕಿತ್ತು. ಬಹಳಷ್ಟು ಮಕ್ಕಳಿಗೆ ನಾಡಿಯೇ ಸಿಗಲಿಲ್ಲ.

ಪ್ರಶಿಕ್ಷಣಾರ್ಥಿಗಳ ಮತ್ತು ಮೇಲ್ವಿಚಾರಕರ ಗಮನಕ್ಕೆ

ಪೀಠಿಕೆಯ ಕೆಲಸ ಗಮನ ಸೆಳೆಯುವುದಷ್ಟೇ ಅಲ್ಲ. ಮಕ್ಕಳು ಮುಂದೆ ಏನು ಮಾಡುತ್ತಾರೆ ಎಂಬುದಕ್ಕೂ ಅದು ಮಾದರಿ. ಬೀಳುವುದನ್ನು ತೋರಿಸಿದೆವು, ಮಕ್ಕಳು ಬಿದ್ದರು. ಬೇರೆ ಕ್ಷೇತ್ರದ ಚಟುವಟಿಕೆಯೊಂದನ್ನು ತರಗತಿಗೆ ತರುವಾಗ ಸಮಾನ ಅಂಶಗಳ ಪಟ್ಟಿಯನ್ನೂ ಸಮಾನವಲ್ಲದ ಅಂಶಗಳ ಪಟ್ಟಿಯನ್ನೂ ಯೋಜನೆಯ ಹಾಳೆಯಲ್ಲೇ ಬರೆಯಬೇಕು; ಎರಡನೆಯ ಪಟ್ಟಿಯಲ್ಲಿರುವುದನ್ನು ಮೈದಾನಕ್ಕೆ ತರಬಾರದು. ದೈಹಿಕ ಶಿಕ್ಷಣದ ಪಾಠ ಯೋಜನೆಯಲ್ಲಿ ಪ್ರಥಮ ಚಿಕಿತ್ಸೆಗೂ ಒಂದು ಸಾಲು ಇರಲಿ.

ಮೇಲ್ವಿಚಾರಕರಿಗೆ ಹೇಳುವ ಮಾತನ್ನು ನನಗೇ ಹೇಳಿಕೊಳ್ಳುತ್ತೇನೆ. ಈಗ ‘ಜೋಡಿ ಅಭ್ಯಾಸ’ ಎಂಬ ಪದ ಕಂಡಲ್ಲಿ ಪೆನ್ನು ನಿಲ್ಲಿಸಿ, ಯಾರ ಕೈ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ ನಂತರವೇ ಸಹಿ ಹಾಕುತ್ತೇನೆ.