90 ದಿನ ದಾಟುವ ಮೊದಲೇ ಬರೆದುಕೊಡಿ

ನನ್ನ ವರ್ಕ್‌ಶಾಪ್ ಮುಚ್ಚಿದ್ದು ಆರ್ಡರ್ ಇಲ್ಲದೆ ಅಲ್ಲ. ಮಾಲು ಕೊಟ್ಟಾಗಿತ್ತು, ಬಿಲ್ ಹಾಕಿಯಾಗಿತ್ತು, ಇನ್ನೂ ಕೈಗೆ ಬಾರದ ದುಡ್ಡಿಗೆ ಜಿಎಸ್‌ಟಿಯನ್ನೂ ಕಟ್ಟಿಯಾಗಿತ್ತು. ಕೊಡಬೇಕಾದ ಕಂಪನಿ ಮಾತ್ರ ‘ಮುಂದಿನ ವಾರ’ ಅನ್ನುತ್ತಲೇ ಇತ್ತು. ಸಣ್ಣ ಘಟಕಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎನ್ನುತ್ತದೆ 2006ರ ಎಂಎಸ್‌ಎಂಇ ಕಾಯ್ದೆ. ಉದ್ಯಮ್ ನೋಂದಣಿ ಇದ್ದವರು ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಆದರೆ ಇರುವ ಒಬ್ಬ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟು ಮರುದಿನ ಯಾರ ಕೆಲಸ ಮಾಡುವುದು?

1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಬಾಗಿಲು ಹಾಕಿದ್ದನ್ನು ನೋಡಿದ ಊರು ನನ್ನ ವರ್ಕ್‌ಶಾಪ್ ಇದ್ದ ಹರಿಹರ. ನನ್ನ ಲೇತ್‌ಗಳೂ ಅಲ್ಲಿ ತಯಾರಾದವೇ. ದೊಡ್ಡ ಕಾರ್ಖಾನೆ ಮುಚ್ಚಿದರೆ ಸುದ್ದಿಯಾಗುತ್ತದೆ. ನಮ್ಮಂಥವರು ಮುಚ್ಚಿದರೆ ‘ಪಾಪರ್ ಆದ’ ಎಂಬ ಮಾತೊಂದೇ.

ಮನೆ ಅಡವಿಟ್ಟು ತಂದಿದ್ದ ಸಾಲದ ಮೊದಲ ಕಂತು ತಪ್ಪಿದ ಕೂಡಲೇ ಬ್ಯಾಂಕಿಗೆ ಹೋಗಿ ಕಂತು ಇಳಿಸಿಕೊಡಿ, ಅವಧಿ ಹೆಚ್ಚಿಸಿ ಎಂದು ಕೇಳಿದೆ. ಮ್ಯಾನೇಜರ್ ‘ನೋಡೋಣ’ ಎಂದರು. ಕಷ್ಟಕ್ಕೆ ಸಿಕ್ಕ ಸಣ್ಣ ಉದ್ಯಮವನ್ನು ಎನ್‌ಪಿಎ (ವಸೂಲಾಗದ ಸಾಲ) ಆಗುವ ಮೊದಲೇ ಬ್ಯಾಂಕಿನ ಸಮಿತಿಯ ಮುಂದಿಡಬೇಕು, ಮಾಲೀಕನೇ ಅರ್ಜಿ ಹಾಕಬಹುದು ಎಂದು ರಿಸರ್ವ್ ಬ್ಯಾಂಕ್ 2016ರಲ್ಲೇ ಹೇಳಿದೆ. 25 ಕೋಟಿ ರೂಪಾಯಿವರೆಗಿನ ಸಾಲಕ್ಕೂ ಅದು ಅನ್ವಯ. ಆ ಮನುಷ್ಯ ಅದರ ಹೆಸರೇ ಎತ್ತಲಿಲ್ಲ. 90 ದಿನ ದಾಟಿತು, ಖಾತೆ ಎನ್‌ಪಿಎ ಆಯಿತು.

ಆಮೇಲೆ ಬಂದದ್ದು ಸರ್ಫೇಸಿ ನೋಟಿಸ್, ಅಡವಿಟ್ಟ ಆಸ್ತಿಯನ್ನು ಬ್ಯಾಂಕ್ ಸ್ವಾಧೀನಕ್ಕೆ ತೆಗೆದುಕೊಳ್ಳುವ ಕಾಯ್ದೆಯದು. ಬಾಕಿ ಕಟ್ಟಲು 60 ದಿನದ ಗಡುವು. ಆಕ್ಷೇಪಣೆ ಬರೆದರೆ ಬ್ಯಾಂಕ್ 15 ದಿನದೊಳಗೆ ಉತ್ತರಿಸಬೇಕು. ಬರೆಯುವುದಕ್ಕೆ ನೋಟಿಸ್ ನನ್ನ ಕೈಗೆ ಸಿಕ್ಕರೆ ತಾನೆ? ನಾನು ಹರಿಹರದಲ್ಲಿದ್ದಾಗ ದಾವಣಗೆರೆ ಮನೆಗೆ ಬಂದ ರಿಜಿಸ್ಟರ್ಡ್ ಲಕೋಟೆಯನ್ನು ನಮ್ಮ ಭಾವ ಬಾಗಿಲಲ್ಲೇ ವಾಪಸ್ ಕಳಿಸಿದ್ದ. ‘ತಗೊಂಡ್ರೆ ಸಿಕ್ಕಿಹಾಕ್ಕೊಂತೀವಿ’ ಅನ್ನುವುದು ಅವನ ಕಾನೂನು. ಇವತ್ತಿಗೂ ಅವನ ಜೊತೆ ನನಗೆ ಮಾತಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ನಿಟುವಳ್ಳಿಯ ಮನೆ ಮುಂದೆ ಬ್ಯಾಂಕಿನವರು ಬಂದು ನಿಂತರು. ತೋರಣ ಕಟ್ಟಿದ ಬಾಗಿಲಿಗೇ ಸ್ವಾಧೀನದ ನೋಟಿಸ್ ಅಂಟಿಸಿದರು. ಗೋಂದು ಹೊಸ್ತಿಲ ಅರಿಶಿನದವರೆಗೂ ಇಳಿಯಿತು. ಒಬ್ಬ ಮೊಬೈಲ್ ಹಿಡಿದು, ‘ಅಜ್ಜಿ, ಸ್ವಲ್ಪ ಆಚೆ ನಿಲ್ಲಿ, ಫೋಟೊದಾಗ ಬರ್ತೀರಿ’ ಎಂದ. ಅವ್ವ ಸೆರಗು ಹೊದ್ದುಕೊಂಡು ತನ್ನದೇ ಮನೆಯ ಕಾಂಪೌಂಡ್ ಮೂಲೆಗೆ ಸರಿದು ನಿಂತಳು. ಕೆಲ ದಿನಕ್ಕೆ ಪೇಪರಿನಲ್ಲೂ ಬಂತು. ನನ್ನ ಹೆಸರು, ಅಪ್ಪನ ಹೆಸರು, ಸಾಲದ ಮೊತ್ತ, ಕೊನೆಗೆ ಚಕ್ಕುಬಂದಿ. ಪೂರ್ವಕ್ಕೆ ಇಂಥವರ ಮನೆ ಎಂದು ಪಕ್ಕದವರ ಹೆಸರೂ ಅಚ್ಚಾಗಿತ್ತು. ‘ನಿಮ್ಮ ಸಾಲಕ್ಕೆ ನಮ್ಮ ಹೆಸರು ಯಾಕ್ರೀ ಬಂತು?’ ಎಂದು ಅವರು ಪೇಪರ್ ಹಿಡಿದು ಬಂದಾಗ ನನ್ನ ಬಾಯಿ ಕಟ್ಟಿತು.

ಬ್ಯಾಂಕಿನ ಲಿಖಿತ ಒಪ್ಪಿಗೆ ಪಡೆದು ಲೇತ್‌ಗಳನ್ನು ಮಾರಿದೆ, ಒಂದು ಸೈಟ್ ಹೋಯಿತು, ಒಂದೇ ಬಾರಿಯ ತೀರುವಳಿಗೆ ಬ್ಯಾಂಕ್ ಒಪ್ಪಿತು. ಮನೆ ಉಳಿಯಿತು. ವರ್ಕ್‌ಶಾಪಿನ ಹುಡುಗರ ಸಂಬಳ ಒಂದು ರೂಪಾಯಿ ಉಳಿಸಿಕೊಳ್ಳಲಿಲ್ಲ; ಇದನ್ನು ಎದೆ ತಟ್ಟಿ ಹೇಳುತ್ತೇನೆ.

ದಿವಾಳಿ ಅರ್ಜಿ ಹಾಕು ಎಂದವರೂ ಇದ್ದರು. ಪೇಪರಿನಲ್ಲಿ ಓದುವ 2016ರ ದಿವಾಳಿ ಸಂಹಿತೆ ಕಂಪನಿಗಳಿಗೆ. ಒಂಟಿ ಮಾಲೀಕನ ಅಂಗಡಿಗೆ ಇವತ್ತಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ, ಅದಕ್ಕೆ ಜಿಲ್ಲಾ ನ್ಯಾಯಾಲಯ. ಆದರೆ ಅಡವಿಟ್ಟ ಮನೆಯನ್ನು ಅದು ಬ್ಯಾಂಕಿನಿಂದ ಕಾಪಾಡುವುದಿಲ್ಲ. ಸ್ವಾಧೀನವನ್ನು ಪ್ರಶ್ನಿಸುವುದಾದರೆ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು. ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಇರುವುದು ಹರಾಜಿನ ಪ್ರಕಟಣೆ ಹೊರಡುವವರೆಗೆ ಮಾತ್ರ. ಮತ್ತೆ, ಬ್ಯಾಂಕಿನ ಕಂತಿಗೆಂದು ಮೀಟರ್ ಬಡ್ಡಿಗೆ ಕೈಚಾಚಬೇಡಿ.

ಕಂತು ತಪ್ಪಿದ್ದರೆ ಈ ವಾರವೇ ಸಾಲ ಪುನರ್‌ರಚನೆಗೆ ಅರ್ಜಿ ಬರೆಯಿರಿ, ರಿಸರ್ವ್ ಬ್ಯಾಂಕಿನ 2016ರ ಸುತ್ತೋಲೆಯನ್ನು ಅದರಲ್ಲಿ ಹೆಸರಿಸಿ. ‘ನೋಡೋಣ’ ಎಂದರೆ ಎದ್ದು ಬರಬೇಡಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಬೀಳುವವರೆಗೆ ಅಲ್ಲೇ ಕೂತಿರಿ.