ಬೇಟೆ, ಚಾಲನೆ, ಖಾಸಗಿತನ, ಕೃಷಿ ಶಿಕ್ಷಣ: ಕಾನೂನು ಮಾಡುವವರು ಯಾರು?

(7ನೇ ಅನುಸೂಚಿ, ಹೊಂದಿಸಿ ಬರೆಯಿರಿ ಮಾದರಿಗೆ)

1. ಬೇಟೆ
- ವನ್ಯಜೀವಿ ಸಂರಕ್ಷಣೆ ಮೂಲತಃ ರಾಜ್ಯಪಟ್ಟಿಯಲ್ಲಿತ್ತು. ಆದ್ದರಿಂದಲೇ 1972ರ ಕಾಯ್ದೆಗೆ ಸಂಸತ್ತು 252ನೇ ವಿಧಿ ಬಳಸಿತು: ರಾಜ್ಯಗಳ ನಿರ್ಣಯ ಮೊದಲು, ಕಾನೂನು ಆಮೇಲೆ.
- 42ನೇ ತಿದ್ದುಪಡಿ (1976): ಸಮವರ್ತಿ ಪಟ್ಟಿ, ನಮೂದು 17ಬಿ.
- 1972ರ ಕಾಯ್ದೆಯ ಕಲಂ 9: ಬೇಟೆ ನಿಷೇಧ. ಕಲಂ 11: ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ.
- ಎಡವುವ ಜಾಗ: ಕಲಂ 62ರಡಿ 'ಉಪದ್ರವಕಾರಿ ಪ್ರಾಣಿ' ಎಂದು ಘೋಷಿಸುವುದು ಕೇಂದ್ರ. ಕಾಡುಹಂದಿ ಹಾವಳಿ ಸುದ್ದಿ ಓದಿದವರು 'ರಾಜ್ಯ' ಎಂದು ಗುರುತು ಹಾಕಿಬಿಡುತ್ತಾರೆ.
- 2022ರ ತಿದ್ದುಪಡಿ: ಅನುಸೂಚಿಗಳು 6ರಿಂದ 4ಕ್ಕೆ.

2. ಚಾಲನೆ
- ಯಾಂತ್ರಿಕ ವಾಹನ: ಸಮವರ್ತಿ, ನಮೂದು 35. ವಾಹನ ತೆರಿಗೆ: ರಾಜ್ಯಪಟ್ಟಿ, ನಮೂದು 57. ಎರಡನ್ನೂ ಬೆರೆಸಬೇಡಿ.
- ಮದ್ಯದ ಮಿತಿ: 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ.

3. ಖಾಸಗಿತನ
- ಖಾಸಗಿತನ ಮೂಲಭೂತ ಹಕ್ಕು ಎಂದ ಪುಟ್ಟಸ್ವಾಮಿ ತೀರ್ಪು, 24 ಆಗಸ್ಟ್ 2017. 9 ನ್ಯಾಯಮೂರ್ತಿಗಳು, ಸರ್ವಾನುಮತ. ಮುಖ್ಯವಾಗಿ 21ನೇ ವಿಧಿ. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ.
- ಆಧಾರ್ ತೀರ್ಪು ಬೇರೆ: 2018, 5 ನ್ಯಾಯಮೂರ್ತಿಗಳು, 4:1.

4. ಕೃಷಿ ಶಿಕ್ಷಣ (ಇದನ್ನು ಬಿಟ್ಟು ಹೋಗಬೇಡಿ)
- ಶಿಕ್ಷಣ 1976ರಲ್ಲಿ ಸಮವರ್ತಿಗೆ ಹೋಯಿತು. ಆದರೆ ಕೃಷಿ, ಕೃಷಿ ಶಿಕ್ಷಣ, ಸಂಶೋಧನೆ ಇಂದಿಗೂ ರಾಜ್ಯಪಟ್ಟಿಯ ನಮೂದು 14ರಲ್ಲೇ ಇವೆ.
- ಉನ್ನತ ಶಿಕ್ಷಣದ ಗುಣಮಟ್ಟ: ಕೇಂದ್ರಪಟ್ಟಿ, ನಮೂದು 66.
- ಬೆಂಗಳೂರು ಕೃಷಿ ವಿವಿ: ಕಾಯ್ದೆ 1963, ಆರಂಭ 1964. ಧಾರವಾಡ: 1986.